ಕ್ಯಾಪ್ಟನ್ ಪೆಟ್ಟಿಗೆಯ ತೂಕ

ಊಟದ ಮೇಜು, ಕಾಲು ಅಲ್ಲಾಡುವ ಕುರ್ಚಿ,
ಸೋಮವಾರ, ಮಾರ್ಚ್ ಹನ್ನೊಂದು

ಪ್ರೀತಿಯ ಅಕ್ಕಾ, ಅಂದರೆ ಘನತೆವೆತ್ತ ಕ್ಯಾಪ್ಟನ್ ಮಹೋದಯರೇ,

ಹೇಗಿದ್ದೀ? ಹೊಟ್ಟೆ ತೊಳಸುವುದು ನಿಂತಿತೇ? ಸಮುದ್ರದ ತಳದಲ್ಲಿ ಕೇಬಲ್ ಹಾಸುವ ಹಡಗಿಗೆ ಸೇರಿ ಮೇಲೆ ಕೂತು ವಾಂತಿ ಮಾಡಿಕೊಳ್ಳುವ ಇಂಜಿನಿಯರ್ ಎಂದು ಬೀದಿಯಲ್ಲೆಲ್ಲ ನಿನ್ನ ಕೀರ್ತಿ ಹರಡುವ ಕೆಲಸವನ್ನು ನಾನು ನಿಷ್ಠೆಯಿಂದ ಮಾಡುತ್ತಿದ್ದೇನೆ. ಅಮ್ಮ ಔಷಧಿ ಅಂಗಡಿಯಿಂದ ಮಾತ್ರೆ ಕಳಿಸಲೇ ಎಂದು ಕೇಳುತ್ತಾಳೆ. ಜೊತೆಗೆ ಎಂದಿನಂತೆ, ನೀರು ಜಾಸ್ತಿ ಕುಡಿ ಅಂತಾಳೆ. ಅಜ್ಜಿಯ ಮಂಡಿ ನೋವು ಹಾಗೇ ಇದೆ, ನಾಲಿಗೆ ಇನ್ನಷ್ಟು ಚುರುಕಾಗಿದೆ. ಪಕ್ಕದ ಮನೆಯ ಕ್ಷೌರಿಕ ಮಾಮ ನಿನ್ನನ್ನು ಕೇಳಿದ. ಅಪ್ಪನ ವಿಷಯ ನೀನು ಯಾವ ಪತ್ರದಲ್ಲೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ; ನಮ್ಮಿಬ್ಬರ ನಡುವೆ ಹಾಗೊಂದು ಮೌನ ಒಪ್ಪಂದವಿದೆ. ಈ ಪತ್ರದಲ್ಲಿ ಒಪ್ಪಂದ ಮುರಿಯುತ್ತಿದ್ದೇನೆ. ಗಟ್ಟಿಯಾಗಿ ಕೂತು ಓದು.

ಮೊದಲು ಭಾನುವಾರದ ಆಟದ ವರದಿ. ಉಪ್ಪುಗಾಳಿಗೆ ನೆನಪು ತುಕ್ಕು ಹಿಡಿದಿದ್ದರೆ ಇರಲಿ ಎಂದು ಮತ್ತೆ ಹೇಳುತ್ತೇನೆ: ಈ ಆಟವನ್ನು ನಮಗೆಲ್ಲ ಕಲಿಸಿದವಳು ನೀನು, ಸೂತ್ರಧಾರನ ಪಟ್ಟವನ್ನು ನನಗೆ ದಯಪಾಲಿಸಿ ಅಂತರಿಕ್ಷ ನೌಕೆಯ ಕ್ಯಾಪ್ಟನ್ ಆದವಳೂ ನೀನು. ನಾನು ನೌಕೆಗೆ ಆಪತ್ತು ಹೊಸೆಯುವುದು, ಅವರು ತಾವೇನು ಮಾಡುತ್ತೇವೆಂದು ಹೇಳುವುದು, ಫಲವನ್ನು ದಾಳ ತೀರ್ಮಾನಿಸುವುದು. ನೀನು ಹೊರಟು ಹೋದ ವಾರ ಕ್ಯಾಪ್ಟನ್‌ಗೆ ಏನೋ ಅನ್ಯಗ್ರಹದ ಜ್ವರ ಎಂದು ಸಾರಿ, ಶೀತನಿದ್ರೆಯ ಪೆಟ್ಟಿಗೆಯಲ್ಲಿ ಮಲಗಿಸಿ ಉಗ್ರಾಣದಲ್ಲಿಟ್ಟೆವು. ಅಂದಿನಿಂದ ಪೆಟ್ಟಿಗೆ ಅಲ್ಲೇ ಇದೆ. ನೌಕೆಯ ವೈದ್ಯೆಯಾದ ಅಮ್ಮ ಪ್ರತಿ ವಾರ ಅದರ ತಾಪಮಾನ ನೋಡುತ್ತಾಳೆ. ವ್ಯಾಪಾರಿಯಾದ ಅಜ್ಜಿ ಅದರ ಮೇಲೆ ತನ್ನ ಕಳ್ಳಸಾಗಣೆಯ ಮೂಟೆ ಪೇರಿಸುತ್ತಾಳೆ. ಯಂತ್ರಮಾನವನಾದ ಕ್ಷೌರಿಕ ಮಾಮ ದಿನಾ ಪೆಟ್ಟಿಗೆಯ ಗಾಜು ಒರೆಸುತ್ತೇನೆ ಅಂತಾನೆ, ಅದೂ ಆ ಕಬ್ಬಿಣದ ದನಿಯಲ್ಲಿ. ಮೇಜಿನ ತುದಿಯಲ್ಲಿರುವ ನಿನ್ನ ಕುರ್ಚಿಯೂ ಖಾಲಿ. ಅದರಲ್ಲಿ ಯಾರೂ ಕೂರುವುದಿಲ್ಲ, ಅದನ್ನು ಯಾರೂ ತೆಗೆಯುವುದೂ ಇಲ್ಲ.

ನೌಕೆಯ ಮೆಕ್ಯಾನಿಕ್ ಆದ ಅಪ್ಪನೋ, ಅಮ್ಮನ ಬಲವಂತಕ್ಕೆ ಬಂದು ಕೂರುತ್ತಿದ್ದ. ಹೂಂ, ಉಹೂಂ, ದಾಳ ಕೊಡು: ಆರು ತಿಂಗಳು ಇಷ್ಟೇ ಮಾತು. ನೀನು ಫೋನ್ ಮಾಡಿದಾಗಲೆಲ್ಲ ಬಚ್ಚಲಿನ ನಲ್ಲಿಯಲ್ಲಿ ಅವನಿಗೆ ತುರ್ತು ದೋಷ ಕಾಣಿಸಿಕೊಳ್ಳುತ್ತಿತ್ತು. ನಮ್ಮ ನಲ್ಲಿಯಷ್ಟು ರಿಪೇರಿ ಕಂಡ ನಲ್ಲಿ ಲೋಕದಲ್ಲೇ ಇರಲಾರದು. ತನ್ನ ತಕ್ಕಡಿ ರಿಪೇರಿ ಅಂಗಡಿಯಲ್ಲಿ ನಿನಗೆಂದು ಹಾಕಿಸಿದ್ದ ಎರಡನೆಯ ಮೇಜಿನ ಮೇಲೆ ಈಗ ಹಳೆಯ ಸ್ಪ್ರಿಂಗುಗಳ ರಾಶಿ. ಹೊರಡುವ ದಿನ ಅವನು ನಿನಗೆ ಹೇಳಿದ್ದು ನನಗೂ ಕೇಳಿಸಿತ್ತು, ನೀನು ತಿರುಗಿ ಕೊಟ್ಟ ಉತ್ತರವೂ ಕೇಳಿಸಿತ್ತು. ಇಬ್ಬರದ್ದೂ ಒಂದೇ ಬಾಯಿ, ಒಂದೇ ಹಟ. ನನಗೆ ಮಾತ್ರ ಅಮ್ಮನ ಸೌಮ್ಯ ಸ್ವಭಾವ ಬಂದಿದೆ. ನಗಬೇಡ.

ಹೀಗೇ ಬಿಟ್ಟರೆ ಆಟ ಸತ್ತು ಹೋಗುತ್ತದೆ ಎಂದು ಸೂತ್ರಧಾರನ ದಿವ್ಯದೃಷ್ಟಿಗೆ ಕಂಡಿತು. ಆದ್ದರಿಂದ ಎರಡು ವಾರ ಕೂತು ಒಂದು ಮಹಾ ಸನ್ನಿವೇಶ ಕಟ್ಟಿದೆ. ಲೆಕ್ಕ ಅಳತೆಯೆಲ್ಲ ಪಕ್ಕಾ. ನೌಕೆ ಸಾಯುತ್ತಿರುವ ಒಂದು ನಕ್ಷತ್ರದ ಸೆಳೆತಕ್ಕೆ ಸಿಕ್ಕಿದೆ. ತಪ್ಪಿಸಿಕೊಳ್ಳಲು ಇಂಜಿನ್‌ಗೆ ಪೂರ್ತಿ ಉರಿ ಕೊಡಬೇಕು. ಆದರೆ ನೌಕೆಯ ಒಟ್ಟು ತೂಕ ಕೆಂಪು ಗೆರೆ ದಾಟಿದರೆ ಗಣಕ ಇಂಜಿನ್ ಹೊತ್ತಿಸಲು ಬಿಡುವುದಿಲ್ಲ. ಏನನ್ನು ಹೊರಗೆಸೆಯಬೇಕು? ಒಂದೊಂದು ವಸ್ತುವಿನ ತೂಕವನ್ನೂ ಗೊತ್ತು ಮಾಡಿದೆ, ಹೇಗೆ ಕೂಡಿ ಕಳೆದರೂ ಕೊನೆಗೆ ಕ್ಯಾಪ್ಟನ್ ಪೆಟ್ಟಿಗೆ ಹೋಗಲೇಬೇಕು ಎನ್ನುವ ಹಾಗೆ. ಹಲ್ಲು ಕಡಿಯಬೇಡ, ಪೂರ್ತಿ ಕೇಳು. ಎಸೆದ ಪೆಟ್ಟಿಗೆಯನ್ನು ಗುಜರಿ ಹಡಗಿನವರು ಹೆಕ್ಕಿಕೊಳ್ಳುತ್ತಾರೆ, ನೀನು ಅಲ್ಲಿ ಎಚ್ಚರಗೊಳ್ಳುತ್ತೀ, ನಿನ್ನ ಸಾಹಸವನ್ನು ನಾವಿಬ್ಬರೂ ಪತ್ರದಲ್ಲಿ ಆಡುತ್ತೇವೆ, ಇಲ್ಲಿ ಮನೆಯವರು ಹೊಸ ಕ್ಯಾಪ್ಟನ್ ಆರಿಸಿಕೊಳ್ಳುತ್ತಾರೆ, ಕುರ್ಚಿ ತುಂಬುತ್ತದೆ. ಎಂಥ ಚಂದದ ಏರ್ಪಾಡು! ಗುಜರಿ ಹಡಗಿನ ಅಡುಗೆಯವನಿಗೆ ಎರಡು ತಲೆ ಬೇರೆ ಕೊಟ್ಟಿದ್ದೆ, ಒಂದು ಉಪ್ಪು ಕಮ್ಮಿ ಅನ್ನುತ್ತದೆ, ಇನ್ನೊಂದು ಜಾಸ್ತಿ ಅನ್ನುತ್ತದೆ.

ನೀನು ಕಲಿಸಿದ ಮೊದಲ ಪಾಠ ನೆನಪಿತ್ತು: ಆಪತ್ತನ್ನು ಮಾತ್ರ ಬರೆ, ಆಟಗಾರರು ಏನು ಮಾಡುತ್ತಾರೆಂದು ಬರೆಯಬೇಡ. ನೆನಪಿದ್ದೂ ಬರೆದೆ. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ಹುಟ್ಟಿದಾಗಿನಿಂದ ತಕ್ಕಡಿಗಳ ನಡುವೆಯೇ ಬದುಕಿದ ಮನುಷ್ಯನ ಎದುರು ತೂಕದ ಒಗಟು ಹಿಡಿದುಕೊಂಡು ಹೋದೆನಲ್ಲ, ನನ್ನ ಜಾಣತನಕ್ಕೆ ಏನನ್ನಬೇಕು!

ಭಾನುವಾರ ಮಧ್ಯಾಹ್ನ ಆಟ ಶುರುವಾಯಿತು. ದೀಪ ಕೆಂಪಾಗಿದೆ, ಗಣಕ ಕಿರುಚುತ್ತಿದೆ ಎಂದು ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ. ಅಜ್ಜಿಯ ಮೂಟೆಗಳನ್ನು ಮೊದಲು ಎಸೆದರು. ಅವಳು ನಕ್ಷತ್ರದ ಜೊತೆಗೇ ಚೌಕಾಸಿಗೆ ಇಳಿದಳು. ಅಮ್ಮನ ಔಷಧಿಗಳು ಹೋದವು, ನೀರಿನ ಪೀಪಾಯಿ ಮಾತ್ರ ಬಿಟ್ಟುಕೊಡಲಿಲ್ಲ. ಕ್ಷೌರಿಕ ಮಾಮ ತನ್ನ ಎಡಗೈ ಕಳಚಿ ಹೊರಗೆಸೆದ, ಯಂತ್ರಮಾನವನಿಗೆ ಒಂದೇ ಕೈ ಸಾಕು, ಗಾಜು ಒರೆಸಲು ಬಲಗೈ ಇದೆ ಅಂದ. ಅಪ್ಪ ತನ್ನ ಉಪಕರಣದ ಪೆಟ್ಟಿಗೆ ಕೊಟ್ಟ. ಆದರೂ ತೂಕದ ಮುಳ್ಳು ಕೆಂಪು ಗೆರೆಯ ಆಚೆಗೇ ನಿಂತಿತ್ತು, ನಾನು ನಿಲ್ಲಿಸಿದ್ದ ಜಾಗದಲ್ಲೇ. ನೀರೆಸೆದರೂ ಸಾಲದು; ಇನ್ನು ಉಳಿದದ್ದು ಒಂದೇ. ಅಜ್ಜಿ ಕಣ್ಣು ತಗ್ಗಿಸಿ, ಅದು ಬರೀ ಆಟ ಅಲ್ವಾ ಅಂದಳು. ನಾನು ಗಂಭೀರವದನನಾಗಿ, ಉಗ್ರಾಣದ ಬಾಗಿಲು ತೆರೆಯುವವರು ಯಾರು ಎಂದು ಕೇಳಿದೆ.

ಆಗ ಅಪ್ಪ ತಲೆಯೆತ್ತಿದ. "ಆ ಪೆಟ್ಟಿಗೆ ಯಾರೂ ಮುಟ್ಟಬೇಡಿ," ಅಂದ.

ಬೇರೆ ದಾರಿಯಿಲ್ಲ, ತೂಕ ಜಾಸ್ತಿಯಿದೆ ಅಂದೆ. ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ, ಅಂಗಡಿಯಲ್ಲಿ ಕೆಟ್ಟ ತಕ್ಕಡಿಯನ್ನು ಕೈಗೆತ್ತಿಕೊಳ್ಳುವ ಮುಂಚೆ ಒರೆಸುತ್ತಾನಲ್ಲ, ಹಾಗೆ. "ಜಾಸ್ತಿ ಇದೆ ಅಂತ ಹೇಳ್ತಿರೋದು ಯಾರು? ಗಣಕ. ಗಣಕಕ್ಕೆ ಹೇಳ್ತಿರೋದು ಯಾರು? ತಕ್ಕಡಿ. ನೌಕೇಲಿ ತಕ್ಕಡಿ ನೋಡ್ಕೊಳ್ಳೋನು ಯಾರಪ್ಪ?"

ಮೆಕ್ಯಾನಿಕ್ ಅಂದೆ.

"ಹಾಗಿದ್ರೆ ನಾನು ಮುಳ್ಳು ತಿರುಗಿಸ್ತೀನಿ."

ಅಕ್ಕಾ, ಹೇಳಿದ್ದು ಅಪ್ಪ! ಮುಳ್ಳನ್ನು ಕೂದಲೆಳೆಯಷ್ಟು ಸರಿಸಿಕೊಡು ಎಂದು ಕೇಳಿದ ತಪ್ಪಿಗೆ ಮೂಲೆ ಅಂಗಡಿಯ ಧಾನ್ಯದ ವ್ಯಾಪಾರಿಯ ಮುಖವನ್ನೇ ಇಂದಿಗೂ ನೋಡದ ಮನುಷ್ಯ! ನಾವು ಚಿಕ್ಕವರಿದ್ದಾಗ ಬಿಸ್ಕತ್ತನ್ನೂ ತೂಗಿ ಹಂಚಿದವನು! ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು, ನಗುವಿಗೋ ಮತ್ತೊಂದಕ್ಕೋ ತಿಳಿಯಲಿಲ್ಲ. ನನ್ನ ಸನ್ನಿವೇಶ ಕಣ್ಣೆದುರಿಗೇ ಕುಸಿಯುತ್ತಿತ್ತು, ಗುಜರಿ ಹಡಗು, ಎರಡು ತಲೆಯ ಅಡುಗೆಯವನು, ಎಲ್ಲ ನೀರಿನಲ್ಲಿ ಹೋಮ. ಆದರೂ ಸೂತ್ರಧಾರ ಸೂತ್ರಧಾರನೇ. ಮೋಸಕ್ಕೆ ಬೆಲೆ ತೆರಿಸಲೇಬೇಕೆಂಬ ನಿನ್ನ ಎರಡನೆಯ ಪಾಠ ಹಿಡಿದೆ. ಗಣಕವನ್ನು ನಂಬಿಸಬಹುದು, ನಕ್ಷತ್ರವನ್ನಲ್ಲ. ನಿಜವಾದ ತೂಕ ಹಾಗೇ ಇರುತ್ತದೆ, ಇಂಜಿನ್ ಸುಟ್ಟರೂ ಸುಡಬಹುದು, ಎಲ್ಲರೂ ಸತ್ತರೂ ಸಾಯಬಹುದು ಅಂದೆ. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ತಲೆಯಾಡಿಸಿದರು. ಅಜ್ಜಿ ದಾಳವನ್ನು ಅವನ ಕೈಗಿಟ್ಟಳು, ಅದೂ ತನ್ನ ಸ್ವಂತ ಅದೃಷ್ಟದ ದಾಳ, ಯಾರಿಗೂ ಮುಟ್ಟಲು ಕೊಡದ್ದು.

ಬಿದ್ದದ್ದು ಒಳ್ಳೆಯ ಸಂಖ್ಯೆ. ಬಹಳ ಒಳ್ಳೆಯದೇನಲ್ಲ, ಸಾಕಾಗುವಷ್ಟು. ಇಂಜಿನ್ ಹೊತ್ತಿತು, ನೌಕೆ ಮೈಯೆಲ್ಲ ನಡುಗುತ್ತ ನಕ್ಷತ್ರದ ಬಾಯಿಂದ ಜಾರಿ ಹೊರಗೆ ಬಿತ್ತು, ಆಮೇಲೆ ಇಂಜಿನ್ ಸುಟ್ಟು ಕರಕಲಾಯಿತು. ಈಗ ನಕ್ಷೆಯಲ್ಲಿಲ್ಲದ ಕತ್ತಲಲ್ಲಿ ತೇಲುತ್ತಿದೆ. ಇಂಧನವಿಲ್ಲ, ಔಷಧಿಯಿಲ್ಲ, ಉಪಕರಣವಿಲ್ಲ, ಯಂತ್ರಮಾನವನಿಗೆ ಎಡಗೈಯಿಲ್ಲ. ನೀರು ಮಾತ್ರ ಬೇಕಾದಷ್ಟಿದೆ. ಕ್ಯಾಪ್ಟನ್ ಉಗ್ರಾಣದಲ್ಲಿ ಕ್ಷೇಮ. ಆಟ ಮುಗಿದ ಮೇಲೂ ಅಪ್ಪ ಏಳಲಿಲ್ಲ. ಶೀತನಿದ್ರೆಯಿಂದ ಎಬ್ಬಿಸೋದು ಹೇಗೆ, ನಿಯಮ ಏನಿದೆ ಎಂದು ನನ್ನನ್ನು ಕೇಳಿದ. ಮಲಗಿದವರ ಪರವಾಗಿ ಬೇರೆಯವರು ದಾಳ ಹಾಕುವಂತಿಲ್ಲ, ಅವರೇ ಹಾಕಬೇಕು ಅಂದೆ. ಇದು ನಿಯಮದ ಪುಸ್ತಕದಲ್ಲಿಲ್ಲ, ಆ ಕ್ಷಣಕ್ಕೆ ನಾನೇ ಹುಟ್ಟಿಸಿದ್ದು. ಹೊರಗೆ ಹೇಳಬೇಡ, ಹುದ್ದೆಗೆ ಸಂಚಕಾರ ಬಂದೀತು. ಅವನು, ನಿಯಮ ಅಂದ್ರೆ ನಿಯಮ ಅಂದ.

ನನ್ನ ಸನ್ನಿವೇಶ ಕೆಟ್ಟಿತೆಂದು ಕನಿಕರ ತೋರಿಸಬೇಡ. ಇದಕ್ಕಿಂತ ಚೆನ್ನಾಗಿ ಕೆಟ್ಟ ಸನ್ನಿವೇಶವನ್ನು ಈ ನೀಹಾರಿಕೆಯಲ್ಲಿ ಯಾರೂ ಕಟ್ಟಿಲ್ಲ, ಮುಂದೆ ಕಟ್ಟುವುದೂ ನಾನೇ. ಅಮ್ಮನ ಆಶೀರ್ವಾದ, ಅಜ್ಜಿಯ ಮುತ್ತು, ಕ್ಷೌರಿಕ ಮಾಮನ ಒಂಟಿಗೈ ಸಲಾಮು ನಿನಗೆ. ಹುಷಾರಾಗಿರು, ಕಂಬಿ ಹಿಡಿದು ಓಡಾಡು.

ಇಂತಿ,
ಸಕಲ ಗ್ರಹೋಪಗ್ರಹಗಳ ಏಕಮಾತ್ರ ಸೂತ್ರಧಾರ,
ನಿನ್ನ ತಮ್ಮ

ಮರೆತಿದ್ದೆ: ಬೇರೆ ಚೀಟಿಯಲ್ಲಿ ಅವಸರದಲ್ಲಿ ಗೀಚುತ್ತಿದ್ದೇನೆ, ಅಪ್ಪ ಲಕೋಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ. ಈ ಪತ್ರ ಕಾಯುತ್ತಿರುವ ಬಂದರಿಗೆ ನಿಮ್ಮ ಹಡಗು ಮುಂದಿನ ಭಾನುವಾರ ಬೆಳಿಗ್ಗೆ ಬರುತ್ತದೆ ಅಂದಿದ್ದೆಯಲ್ಲ, ಆಟದ ಹೊತ್ತಿಗೆ ಫೋನ್ ಮಾಡು. ಜೊತೆಗೊಂದು ದಾಳ ಇಟ್ಟುಕೊಂಡಿರು. ಅಪ್ಪ ಬೆಳಿಗ್ಗೆಯಿಂದ ಹಾಲ್‌ನ ಫೋನಿಗೆ ಉದ್ದದ ವೈರ್ ಎಳೆದು, ಅದನ್ನು ತಂದು ನಿನ್ನ ಕುರ್ಚಿಯ ಮುಂದಿಟ್ಟಿದ್ದಾನೆ. ಎತ್ತುವವನು ತಾನೇ ಅಂತೆ, ವೈರಿನ ಕೆಲಸ ಮೆಕ್ಯಾನಿಕ್ಕಿನದಂತೆ. ನಲ್ಲಿ ಸರಿಯಿದೆ. ಈ ಚೀಟಿ ಸೇರಿದರೆ ಲಕೋಟೆ ಭಾರವಾಗುತ್ತದೆ ಎಂಬ ಚಿಂತೆ ಬೇಡ. ಅಂಗಡಿಯ ಸಣ್ಣ ತಕ್ಕಡಿಯಲ್ಲಿ ಅವನೇ ಪತ್ರ ತೂಗಿದ, ಎಷ್ಟು ಅಂಚೆಚೀಟಿ ಬೇಕೆಂದು ಕರಾರುವಾಕ್ಕಾಗಿ ಹೇಳಿದ, ಆಮೇಲೆ ಅದರ ಎರಡರಷ್ಟು ಅಂಟಿಸಿದ. ಯಾಕಪ್ಪಾ ಅಂದರೆ, "ತಕ್ಕಡಿ ನಂಬೋಕಾಗಲ್ಲ" ಅಂದ.