ಗೊರೇಬಾಳದ ಹೊಲದಲ್ಲಿ ಗಾಲ್ಫ್

ನವೆಂಬರ್ 16, ಬೆಳಿಗ್ಗೆ

ರೊಟ್ಟಿ ಮುಗಿಯಿತು. ಇವರು ಅಂಗಡಿಗೆ ಹೋದರು. ಬೀಜ-ಗೊಬ್ಬರದ ಅಂಗಡಿಗೆ ಭಾನುವಾರವೂ ರಜೆಯಿಲ್ಲ. ಅತ್ತೆಗೆ ಮಾತ್ರೆ ಕೊಟ್ಟೆ. ಮರೆತು ಎಡಗೈಯಲ್ಲಿ ಕೊಟ್ಟುಬಿಟ್ಟೆ. ಪಟ್ಟನೆ ಕೈಮೇಲೆ ಏಟು.

"ಬಲಗೈಗೆ ಏನ್ ಬ್ಯಾನಿ ಬಂದೈತಿ?"

ಅತ್ತೆಗೆ ಎಂಬತ್ತು ದಾಟಿದೆ, ನನಗೆ ಐವತ್ತು. ಏಟಿಗೆ ಮಾತ್ರ ವಯಸ್ಸಾಗಿಲ್ಲ.

ಮೊದಲು ಹೊಡೆದವಳು ನಮ್ಮವ್ವ. ಊಟಕ್ಕೆ ಕೂತರೆ ಎಡಗೈಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು. ಆಮೇಲೆ ಶಾಲೆಯ ಮೇಷ್ಟ್ರು. ಈಗ ನಾಲ್ಕು ಜನರ ಮುಂದೆ ನಾನು ಅಪ್ಪಟ ಬಲಗೈಯವಳು. ಇದನ್ನೂ ಬಲಗೈಲೇ ಬರೆಯುತ್ತಿದ್ದೇನೆ.

ಫೋನಿನಲ್ಲಿ ಮತ್ತೆ ಆ ಜಾಹೀರಾತು ಬಂತು. ಹಳೇ ಗಾಲ್ಫ್ ಸೆಟ್ಟು, ಲಿಂಗಸೂಗೂರು.

ಹೋದ ವರ್ಷ ಹೈದರಾಬಾದಿನಲ್ಲಿ ಡೀಲರುಗಳ ಮೀಟಿಂಗು. ರೆಸಾರ್ಟಿನ ಹಿಂದೆ ಹಸಿರು ಮೈದಾನ. ಡೀಲರುಗಳೆಲ್ಲ ಒಂದೊಂದು ಚೆಂಡು ಹೊಡೆದರು, ಹೆಂಡತಿಯರು ಜ್ಯೂಸ್ ಹಿಡಿದು ಕುರ್ಚಿಯಲ್ಲಿ. ನಾನೂ ಎದ್ದು ಹೋಗಿ ಸ್ಟಿಕ್ಕು ಇಸಿದುಕೊಂಡೆ. ಬೀಸಿದೆ. ಹುಲ್ಲು ಹಾರಿತು, ಚೆಂಡು ಅಲ್ಲೇ ಇತ್ತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಇವರು. ಮೈಯೆಲ್ಲ ಉರಿದುಹೋಯಿತು.

ಈ ಡಿಸೆಂಬರ್ 20ಕ್ಕೆ ಮತ್ತೆ ಅದೇ ರೆಸಾರ್ಟು. ಕುರ್ಚಿಯಲ್ಲಿ ಕೂರುವುದಿಲ್ಲ. ಕೂರುವುದಿಲ್ಲ ಅಂದರೆ ಕೂರುವುದಿಲ್ಲ.

ನವೆಂಬರ್ 18

ಲಿಂಗಸೂಗೂರಿಗೆ ಹೋಗಿಬಂದೆ. ಮಾರುವವರು ಕರಿಬಸಯ್ಯನವರು. ಗಣಿ ಎಂಜಿನಿಯರ್ ಆಗಿ ರಿಟೈರ್ ಆದವರು. ಬೆನ್ನು ಬಗ್ಗುತ್ತಿಲ್ಲವಂತೆ, ಅದಕ್ಕೇ ಮಾರಾಟ. ಪಡಸಾಲೆಯಲ್ಲಿ ಎರಡು ಬ್ಯಾಗು. ಒಂದು ಒರೆಸಿಟ್ಟದ್ದು, ಇನ್ನೊಂದರ ಮೇಲೆ ಧೂಳು.

"ನಿಮ್ಮದು ಯಾವ ಕೈ, ತಾಯಿ?"

"ಬಲಗೈರೀ!" ಅಂದೆ. ಯೋಚಿಸಲೇ ಇಲ್ಲ... ಯಾರು ಕೇಳಿದರೂ ಹಾಗೆ ಹೇಳಿಯೇ ರೂಢಿ.

"ಹಂಗಾರ ಇದು ನೋಡ್ರಿ. ಆ ಧೂಳು ಹಿಡದದ್ದು ಎಡಚರದು. ಸ್ಟಿಕ್ಕಿನ ಮುಖ ಉಲ್ಟಾ ಇರ್ತದ. ದೋಸ್ತ ಒಬ್ಬಾಂವ ಬಿಟ್ಟು ಹೋಗ್ಯಾನ. ಈ ಕಡಿ ಅದನ್ನ ಯಾರು ಕೇಳ್ತಾರ?"

ಬದನೆಕಾಯಿ ಆರಿಸುವ ಹಾಗೆ ಒಂದೊಂದನ್ನೇ ತಿರುಗಿಸಿ ನೋಡಿದೆ. ಏನು ನೋಡಬೇಕೋ ಗೊತ್ತಿದ್ದರೆ ತಾನೆ! ಅವರೇ ಹೇಳಿಕೊಟ್ಟರು. ಹಿಡಿಯ ರಬ್ಬರು ಬಿರಿದಿರಬಾರದು. ಕೋಲು ಬಾಗಿರಬಾರದು. "ಕಲಿಯೋರಿಗೆ ಪೂರಾ ಸೆಟ್ಟು ಯಾಕ್ರೀ? ಏಳನೇ ನಂಬರ್ ಸ್ಟಿಕ್ಕು ಒಂದು ಸಾಕು."

ನಾನು ಇಡೀ ಬ್ಯಾಗೇ ತಂದೆ. ಸೀರೆ ಬಿಟ್ಟು ನನಗೇ ಅಂತ ಕೊಂಡ ಮೊದಲ ಸಾಮಾನು. ಬಸ್ಸಿನಲ್ಲಿ ಕಂಡಕ್ಟರ್ ಬ್ಯಾಗಿಗೂ ಟಿಕೆಟ್ ಹರಿದ.

ಅತ್ತೆ ನೋಡಿ, "ಇಷ್ಟು ಕಬ್ಬಿಣದ ಬಡಿಗಿ ಯಾರಿಗೆ ಹೊಡಿಯಾಕ?" ಅಂದರು. ಇವರು ನಕ್ಕರು. ಅದೇ ನಗೆ.

ನವೆಂಬರ್ 30

ಬರೆಯಲು ಮುಖವಿರಲಿಲ್ಲ. ಗೊರೇಬಾಳದಲ್ಲಿ ಕಾಲುವೆ ಬದಿಯ ನಮ್ಮ ಹೊಲದಲ್ಲಿ ಭತ್ತ ಕೊಯ್ದಾಗಿದೆ. ದಿನಾ ಬೆಳಿಗ್ಗೆ ಹೋಗಿ ಕೂಳೆಯ ನಡುವೆ ನಿಂತು ಬೀಸುತ್ತೇನೆ. ಚೆಂಡು ಕಪ್ಪೆಯಷ್ಟು ದೂರವೂ ಜಿಗಿಯುವುದಿಲ್ಲ. ಇವತ್ತು ಸ್ಟಿಕ್ಕು ನೆಲಕ್ಕೆ ಬಡಿದು ಬಲಗೈ ಮಣಿಕಟ್ಟು ಊದಿತು.

ಇವರು ಪಟ್ಟಿ ಕಟ್ಟಿದರು. ಕಟ್ಟುತ್ತಲೇ ಫರ್ಮಾನು.

"ಬರೋ ಐತಾರ ಎಲ್ಲಾರ ಮುಂದ ಒಂದ ಚೆಂಡು ಹೊಡಿ. ಕಾಲುವಿ ದಾಟಿದ್ರ ಹೈದರಾಬಾದಿಗೆ ನಿನ್ನ ಬ್ಯಾಗು ನಾನ ಹೊತಗೊಂಡು ಬರ್ತೀನಿ. ದಾಟಲಿಲ್ಲಂದ್ರ ಗುಜರಿಗೆ."

"ಆಗಲಿ," ಅಂದೆ. ನನ್ನ ಬಾಯಿಗೆ ಬೀಗವಿಲ್ಲ. ಈಗ ಹೆದರಿಕೆ. ಪಟ್ಟಿ ಕಟ್ಟಿದ ಬಲಗೈಲೇ ಹೇಗೋ ಗೀಚುತ್ತಿದ್ದೇನೆ.

ಡಿಸೆಂಬರ್ 2

ಗುಜರಿಗೆ ಹೋಗುವುದಕ್ಕಿಂತ ವಾಪಸು ಕೊಡುವುದು ವಾಸಿ ಎಂದು ಬ್ಯಾಗು ಹೊತ್ತು ಲಿಂಗಸೂಗೂರಿಗೆ ಹೊರಟೆ. ಮಸ್ಕಿಯಲ್ಲಿ ಬಸ್ಸು ನಿಂತಿತು. ಹಸಿವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತೆಗೆದುಕೊಂಡೆ. ಬಲಗೈಗೆ ಪಟ್ಟಿ... ಎಡಗೈಲೇ ತಿಂದೆ. ಬಸ್ ಸ್ಟ್ಯಾಂಡಿನ ನಡುವೆ, ಹಾಡುಹಗಲು!

ಯಾರಾದರೂ ಬೈಯುತ್ತಾರೆಂದು ಕಾದೆ. ಪಕ್ಕದ ಮುದುಕ ನನ್ನ ಕಡೆ ನೋಡಿದ. "ಮಿರ್ಚಿ ಭಾಳ ಖಾರ ಅದಾವೇನಬೇ?" ಅಂದ. ಅಷ್ಟೇ.

ಇಷ್ಟು ವರ್ಷ ಯಾರಿಗೆ ಹೆದರಿ ಬದುಕಿದೆ? ಅಳು ಬಂತು, ಜೊತೆಗೇ ನಗು. ಕಣ್ಣೀರಿನ ತಪ್ಪನ್ನು ಖಾರದ ಮೇಲೆ ಹಾಕಿದೆ.

ಕರಿಬಸಯ್ಯನವರ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. "ನಾ ಸುಳ್ಳು ಹೇಳಿದ್ನಿರಿ. ನಾ ಎಡಚಿ."

"ಅಲ್ಲ ತಾಯಿ, ಚಪ್ಪಲಿ ಅಳತಿ ಕೇಳಿದ್ರ ಯಾರರ ಸುಳ್ಳು ಹೇಳ್ತಾರೇನು?"

ಧೂಳಿನ ಬ್ಯಾಗಿನಿಂದ ಏಳನೇ ನಂಬರ್ ತೆಗೆದು ಅಂಗಳದಲ್ಲಿ ಹಿಡಿಸಿದರು. ಬೀಸಿದೆ. ಠಕ್! ಚೆಂಡು ಕಾಂಪೌಂಡು ಹಾರಿ ಆಚೆಯ ಜಾಲಿಗಿಡದೊಳಗೆ ಹೋಯಿತು. ಮಣಿಕಟ್ಟು ನೋಯಿತು. ನೋಯಲಿ.

"ಬ್ಯಾಗು ಬದಲಿ ಮಾಡ್ಕೊಂಡು ಲಗೂನ ಹೋಗ್ರಿ," ಅಂದರು. "ನನ್ನ ಕಿಡಕಿ ಒಡಿಯೂದರಾಗ."

ಡಿಸೆಂಬರ್ 5

ಮನೆಯಲ್ಲಿ ಏನೂ ಹೇಳಿಲ್ಲ. ಬ್ಯಾಗು ಬದಲಾದದ್ದು ಯಾರಿಗೂ ಗೊತ್ತಾಗಿಲ್ಲ. ಕೆಲವು ಚೆಂಡು ಮೇಲೆ, ಕೆಲವು ಬದಿಗೆ. ಕಾಲುವೆಯ ಏರಿಯವರೆಗೆ ಹೋಗುತ್ತಿವೆ. ದಾಟುತ್ತಿಲ್ಲ.

ಡಿಸೆಂಬರ್ 7, ಸಂಜೆ, ಹೊಲದಲ್ಲೇ

ಎಡಗೈಯಿಂದ ಬರೆಯುತ್ತಿದ್ದೇನೆ. ಒಂದೊಂದು ಅಕ್ಷರವೂ ಕುಂಬಳಕಾಯಿಯಷ್ಟು. ಇರಲಿ. ದಿನಚರಿ ಈಗ ಗಾಲ್ಫ್ ಬ್ಯಾಗಿನ ಜೇಬಿನಲ್ಲೇ ಇರುತ್ತದೆ.

ತಮಾಷೆ ನೋಡಲು ಇವರು ಅತ್ತೆಯನ್ನೂ ಕಾರಿನಲ್ಲಿ ತಂದಿದ್ದರು. ಅಂಗಡಿಯಲ್ಲಿ ಕೆಲಸಕ್ಕಿರುವ ಗಾದಿಲಿಂಗ, ಅಕ್ಕಪಕ್ಕದ ಹೊಲದವರು, ಎಲ್ಲ ಸೇರಿದ್ದರು. ನಾನು ಉಲ್ಟಾ ತಿರುಗಿ ನಿಂತೆ.

"ಏ ಶೇಖರಮ್ಮ, ಕೈ ತಪ್ಪೈತಿ!" ಅತ್ತೆ ಕೂಗಿದರು.

"ಇಲ್ಲತ್ತಿ. ಈಗ ಸರಿ ಆಗೈತಿ."

"ಎಡಗೈಲೆ ಏನಾಕ್ಕೈತಿ?" ಅಂದರು ಇವರು.

"ನಿಮ್ಮ ಭತ್ತಕ್ಕ ಯಾವ ದಂಡಿ ಕಾಲುವಿ ನೀರು ಬರತೈತ್ರಿ?"

ನಮ್ಮದು ಎಡದಂಡೆ ಕಾಲುವೆ. ಗಾದಿಲಿಂಗ ಕಿಸಕ್ಕೆಂದ.

ಬೀಸಿದೆ. ಕೈಗೆ ಏಟಿನ ಭಾರವೇ ತಿಳಿಯಲಿಲ್ಲ. ಚೆಂಡು ಏರಿತು, ಏರುತ್ತಲೇ ಹೋಯಿತು, ಇಳಿಬಿಸಿಲಿನಲ್ಲಿ ಮಾಯ. ನೀರಿಗೆ ಬಿದ್ದ ಸಪ್ಪಳ ಕೇಳಲಿಲ್ಲ. ಹೊಲದವರೆಲ್ಲ ಹೋ ಎಂದರು. ಆ ಹೋ ನನಗೆ! ನನ್ನ ಎಡಗೈಗೆ!

ಇವರು ಒಪ್ಪಲಿಲ್ಲ. "ಚೆಂಡು ಸಿಗಲಿ, ಆಮ್ಯಾಲ ಮಾತು." ಗಾದಿಲಿಂಗನನ್ನು ಕರೆದುಕೊಂಡು ಆಚೆ ದಡಕ್ಕೆ ಹುಡುಕಲು ಹೋಗಿದ್ದಾರೆ.

ಕಾರಿನಲ್ಲಿ ನಾನು, ಅತ್ತೆ. ಎಡಗೈಲಿ ಬರೆಯುವುದನ್ನು ಆಗಿನಿಂದ ನೋಡುತ್ತಿದ್ದಾರೆ. ಹೊಡೆಯಲಿಲ್ಲ. "ಪರಸಾದ ಮಾತ್ರ ಬಲಗೈಲೆ ತಗೋಬೇ," ಅಂದರು ಈಗ. ಹೂಂ ಅಂದೆ. ಅಷ್ಟು ಬಿಟ್ಟುಕೊಡಬಹುದು.

ಇವರು ಏರಿ ಹತ್ತಿದರು. ಆಚೆಯ ಏರಿ. ಕೈ ಮೇಲೆತ್ತಿದ್ದಾರೆ... ಕೈಯಲ್ಲಿ ಬೆಳ್ಳಗೆ... ಚೆಂಡು! ಏನೋ ಕೂಗುತ್ತಿದ್ದಾರೆ, ನಗುತ್ತಿದ್ದಾರೆ, ಈ ನಗೆ ಬೇರೆ — ಹೋಗಬೇಕು, ಬ್ಯಾಗು ಅವರ ಹೆಗಲಿಗೆ ನಾನೇ —