ಅಮ್ಮನ ಹೆಸರನ್ನು ರೇಡಿಯೊದಲ್ಲಿ ಓದಿ

ಪ್ರಾದೇಶಿಕ ರೇಡಿಯೊ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಅಮ್ಮನ ಸಾವಿನ ಸುದ್ದಿಯಿಂದ ಅಮ್ಮನ ಹೆಸರನ್ನೇ ಕಿತ್ತುಹಾಕಿದಿರಿ. ಅವಳ ಹೆಸರು ಲ್ವೀಂಡೊ. ನಮ್ಮ ಟೋಂಗಾ ಭಾಷೆಯಲ್ಲಿ ಪಯಣ ಎಂದರ್ಥ. ಅಜ್ಜಿ ಅವಳನ್ನು ದಾರಿಯಲ್ಲೇ ಹೆತ್ತಿದ್ದಳು. ಇನ್ಯಾವುದೋ ಭಾಷೆಯಲ್ಲಿ ಅದೇ ಸದ್ದು ಬಾಯಲ್ಲಿ ಆಡಬಾರದ ಮಾತಂತೆ. ಕೇಳಲು ಬಂದ ನನಗೆ ನೀವೇ ಹೇಳಿದಿರಲ್ಲ: "ಜನ ಊಟಕ್ಕೆ ಕೂತಿರೋ ಹೊತ್ತು ಕಣಯ್ಯಾ, ಅಂಥ ಮಾತು ಕಿವಿಗೆ ಬೀಳಬಾರ್ದು."

ಆಹಾ, ಎಂಥ ಮರ್ಯಾದಸ್ಥರು! ಈ ದೇಶದ ಇಷ್ಟೊಂದು ಭಾಷೆಗಳು ಒಂದನ್ನೊಂದು ಕೇಳಿಕೊಂಡು ಹುಟ್ಟಿದವೇ? ಒಂದೇ ಸದ್ದು ಒಬ್ಬರಲ್ಲಿ ಮಗುವಿನ ಹೆಸರು, ಇನ್ನೊಬ್ಬರಲ್ಲಿ ಸೊಪ್ಪಿನ ಹೆಸರು, ಮತ್ತೊಬ್ಬರಲ್ಲಿ ಬೈಗುಳ. ಇದರಲ್ಲಿ ಸತ್ತವಳ ತಪ್ಪೇನು? ನಿಮ್ಮ ಹೆಸರು ಕೇಳಿದರೂ ನಮ್ಮೂರ ಮಕ್ಕಳು ಕಿಸಕ್ಕನೆ ನಗುತ್ತಾರೆ. ಹಾಗೆಂದು ನಿಮ್ಮ ಬಾಗಿಲ ಫಲಕವನ್ನು ಅಳಿಸಿ 'ಒಬ್ಬ ಗಂಡಸು' ಎಂದು ಬರೆಸಿದ್ದೀರಾ?

ಅಮ್ಮನಿಗೆ ಒಬ್ಬಳೇ ಅಕ್ಕ, ಚಿಮೂಕ ದೊಡ್ಡಮ್ಮ. ಕರೀಬಾ ಸರೋವರದಂಚಿನ ಅವಳ ಹಳ್ಳಿಗೆ ಮಳೆಗಾಲದಲ್ಲಿ ರಸ್ತೆಯಿಲ್ಲ, ಫೋನು ಯಾವಾಗಲೂ ಇಲ್ಲ. ಅಲ್ಲಿಗೆ ಸಾವಿನ ಸುದ್ದಿ ಮುಟ್ಟಿಸುವುದು ನಿಮ್ಮ ರೇಡಿಯೊ ಒಂದೇ. ಆ ಸಂಜೆಯೂ ಅವಳು ಕಿವಿಗೊಟ್ಟು ಕೂತಿದ್ದಳಂತೆ. "ಸಿನಾಜೊಂಗ್ವೆಯ ಒಬ್ಬ ಮಹಿಳೆ ನಿಧನರಾಗಿದ್ದಾರೆ" ಎಂದಿರಿ. "ಅಯ್ಯೋ, ಯಾರೋ ಪಾಪ" ಎಂದು ಲೊಚಗುಟ್ಟಿ, ತನ್ನ ಪಾಲಿನ ನ್ಶೀಮಾ ಮುದ್ದೆ ಉಂಡು ಮಲಗಿದಳಂತೆ. ತನ್ನ ತಂಗಿಗಾಗಿಯೇ ಲೊಚಗುಟ್ಟಿದ್ದು ಎಂದು ಅವಳಿಗೆ ತಿಳಿಯಲಿಲ್ಲ.

ಮೀನಿನ ದೋಣಿಯವರಿಂದ ಸುದ್ದಿ ತಿಳಿದು ಬರುವಷ್ಟರಲ್ಲಿ ಮಣ್ಣಾಗಿತ್ತು.

"ಹೂಳೋ ಮುಂಚೆ ನನಗೊಂದು ಮಾತು ಹೇಳೋಕಾಗ್ಲಿಲ್ವೇನೋ ಹಮೂಂಗ?"

"ರೇಡಿಯೊಗೆ ಕೊಟ್ಟಿದ್ದೆ ದೊಡ್ಡಮ್ಮ. ಅವರು ಹೆಸರು ತೆಗೆದುಬಿಟ್ರು."

"ಸುಳ್ಳು ಬೊಗಳಬೇಡ! ಸತ್ತೋಳ ಹೆಸರನ್ನ ಯಾವನಾದ್ರೂ ತೆಗೀತಾನೇನೋ? ನಾನು ಬರೋದು ನಿಂಗೆ ಬೇಕಿರ್ಲಿಲ್ಲ, ಅಷ್ಟೇ."

ನಮ್ಮ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯದೆ ಹೊರಟುಹೋದಳು. ನನಗೆ ಉಳಿದಿದ್ದ ಇನ್ನೊಬ್ಬ ತಾಯಿಯನ್ನೂ ಕಸಿದಿರಿ ಸ್ವಾಮಿ. ನಿಮ್ಮ ಸಭ್ಯತೆಗೆ ಬೆಂಕಿ ಬೀಳಲಿ!

ಪರಿಹಾರದ ಹಣವೇನೂ ನನಗೆ ಬೇಡ. ನಾಳೆ ಸಂಜೆಯೇ ಓದಿ: ತೀರಿಕೊಂಡವಳು ಲ್ವೀಂಡೊ, ಚಿಮೂಕಳ ತಂಗಿ, ಹೆಸರು ತೆಗೆದದ್ದು ಈ ಕಚೇರಿ, ಮಗನಲ್ಲ. ವಿಚಾರಣೆ, ಸಮಿತಿ ಎಂದು ತಿಂಗಳುಗಟ್ಟಲೆ ಎಳೆಯಬೇಡಿ. ದೊಡ್ಡಮ್ಮನಿಗೂ ವಯಸ್ಸಾಗಿದೆ. ಅವಳು ನನ್ನನ್ನು ಶಪಿಸುತ್ತಲೇ ಕಣ್ಣುಮುಚ್ಚಿದರೆ, ಆಮೇಲೆ ನೀವು ಓದಿದ್ದು ಯಾರಿಗೆ ಕೇಳಿಸಬೇಕು?

ಇಂತಿ,
ಹೆತ್ತವಳ ಸಾವನ್ನು ಮುಚ್ಚಿಟ್ಟ ಮಗನೆನಿಸಿಕೊಂಡ
ಹಮೂಂಗ ಮುನ್ಸಾಕ
ಸಿನಾಜೊಂಗ್ವೆ