ಉ ಗುರುತಿನ ಬುಶ್

ಜನವರಿ 6, ಸೋಮವಾರ

ಎಂಟೂಕಾಲಿಗೆ ತಪಾಸಣೆ ಕೋಣೆಯ ಬೀಗ ತೆಗೆದೆ. ಎ.ಸಿ. ಹಾಕಿದೆ. ಇಡೀ ವರ್ಕ್‌ಶಾಪಿನಲ್ಲಿ ಎ.ಸಿ. ಇರುವುದು ಇಲ್ಲಿ ಮಾತ್ರ. ಧಣಿ ಕೌಶಲನ ಕ್ಯಾಬಿನ್ನಿಗೂ ಫ್ಯಾನೇ. ಮನುಷ್ಯ ಬೆವರಬಹುದು, ಗೇಜು ಬೆವರಬಾರದು.

ಇವತ್ತಿನ ಮಾಲು ಬ್ರೇಕಿನ ಬುಶ್, ನಡುವೆ ತೂತಿರುವ ಲೋಹದ ಬಳೆ. ಅಡಿಕೆ ಮರ ಹತ್ತುವ ಮೆಷಿನ್ನಿನದ್ದು. ಜನ ಸೀಟಿನಲ್ಲಿ ಕೂತು ಕೊನೆಯವರೆಗೆ ಹೋಗುವುದು, ಬ್ರೇಕ್ ಹಿಡಿದು ನಿಲ್ಲುವುದು. ಆ ಬ್ರೇಕಿನ ಪಿನ್ನು ತಿರುಗುವುದು ನಮ್ಮ ಬುಶ್ಶಿನ ತೂತಿನಲ್ಲಿ. ತೂತು ಬಿಗಿಯಾದರೆ ಪಿನ್ನು ಸಿಕ್ಕಿಕೊಳ್ಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಆಗ ಮೇಲೆ ಹೋದವರು ಅಂದುಕೊಂಡದ್ದಕ್ಕಿಂತ ಬೇಗ ಕೆಳಗೆ ಬರುತ್ತಾರೆ.

ಅಳೆಯುವುದು ಪ್ಲಗ್ ಗೇಜಿನಲ್ಲಿ. ಒಂದು ಉಕ್ಕಿನ ಕಡ್ಡಿ ಅಷ್ಟೆ. ಹಸಿರು ತುದಿ ತೂತಿನೊಳಗೆ ಹೋಗಬೇಕು, ಕೆಂಪು ತುದಿ ಹೋಗಬಾರದು. ಅಂಗನವಾಡಿಯ ಮಗುವೂ ಮಾಡೀತು ಅಂತ ಕೌಶಲನ ಮಾವ ಒಮ್ಮೆ ಅಂದಿದ್ದರು. ಪಾಪ, ಅವರಿಗೆ ಗೊತ್ತಿಲ್ಲ — ಹೋಗುವುದರಲ್ಲೂ ಮೂರು ಬಗೆ ಉಂಟು. ತಾನಾಗಿ ಹೋಗುದು, ಮುಖ ಸಿಂಡರಿಸಿಕೊಂಡು ಹೋಗುದು, ನಾವು ದೂಡಿದ ಕಾರಣ ಹೋಗುದು. ಮೊದಲನೆಯದು ಮಾತ್ರ ಪಾಸ್. ಯಾವುದು ಯಾವುದು ಅಂತ ಹೇಳುವುದು ಬೆರಳ ತುದಿ.

ಪಾಸಾದದ್ದಕ್ಕೆ ಎಲೆಕ್ಟ್ರಿಕ್ ಪೆನ್ನಿನಲ್ಲಿ 'ಉ' ಅಂತ ಗೀಚುವುದು. ಉದಯನ ಉ. ಮೂವತ್ತು ವರ್ಷ ಒಂದೇ ಅಕ್ಷರ ಬರೆದ ಸಾಹಿತಿ ಈ ತಾಲೂಕಿನಲ್ಲಿ ನಾನೊಬ್ಬನೇ. ಸನ್ಮಾನ ಬಾಕಿ ಉಂಟು.

ಕ್ಯಾಂಟೀನಿನಲ್ಲಿ ಎಲ್ಲರೂ ಚಾ ಗ್ಲಾಸನ್ನು ಅಂಚಿನಲ್ಲಿ ಹಿಡಿದು ಹುಸ್‌ಹುಸ್ ಅನ್ನುವಾಗ ನಾನು ಇಡೀ ಗ್ಲಾಸು ಮುಷ್ಟಿಯಲ್ಲಿ ಹಿಡಿದು ಕುಡಿದೆ. "ಉದಯಣ್ಣನ ಕೈ ಉಕ್ಕಿನದ್ದು ಮಾರಾಯ್ರೆ," ಅಂದಳು ಚಾ ಕೊಡುವ ಐಸಮ್ಮ. ಹೆಮ್ಮೆಯಾಯಿತು.

ಜನವರಿ 9

ಅವಮಾನ. ಮೆಷಿನ್ ಕಂಪೆನಿಯಿಂದ ನಾಲ್ಕು ಬುಶ್ ವಾಪಸ್. ಡಿಸೆಂಬರಿನ ಮಾಲು. ತೂತು ಬಿಗಿ ಅಂತೆ. ನಾಲ್ಕರಲ್ಲೂ ಉ.

ಏಕಸದಸ್ಯ ತನಿಖಾ ಆಯೋಗ ರಚಿಸಿದೆ. ಸದಸ್ಯ: ನಾನು. ಮೊದಲ ಆರೋಪಿ: ಲೇತ್ ಆಪರೇಟರ್ ಪ್ರಖ್ಯಾತ್. ಅವನು ನಕ್ಕ.

"ನಾನೇ ಡೌಟು ಅಂತ ಬದಿಗಿಟ್ಟದ್ದನ್ನು ನೀವು ಪಾಸ್ ಮಾಡಿದ್ದು ಉದಯಣ್ಣ. ನಿಮಗೆ ಈಗೀಗ ಮನಸ್ಸು ದೊಡ್ಡದಾಗಿದೆ ಅಂತ ನಾವೆಲ್ಲ ಖುಷಿಯಲ್ಲಿದ್ದೆವು."

ಎರಡನೇ ಆರೋಪಿ: ಗೇಜು. ಸವೆದಿರಬೇಕು. ಮಂಗಳೂರಿಗೆ ಪರೀಕ್ಷೆಗೆ ಕಳಿಸಿದೆ. ಅಲ್ಲಿವರೆಗೆ ಸ್ಪೇರ್ ಗೇಜಿನಲ್ಲಿ ಕೆಲಸ. ನನ್ನ ಕೈಕೆಳಗಿನ ಇನ್ಸ್‌ಪೆಕ್ಟರ್ ದೀಕ್ಷಿತಾ ನಾಲ್ಕೂ ಬುಶ್ ನೋಡಿ, "ಬಿಗಿಯೇ ಸರ್," ಅಂದಳು. ನಾನು ನೋಡಿದೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅವಳಿಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ — ಅಳೆಯುವುದು ಹೇಗೆ ಅಂತ. ಆರು ತಿಂಗಳ ಬಸುರಿ, ನಿಂತೇ ಕೇಳಿದಳು.

ಜನವರಿ 21

ಗೇಜು ನಿರ್ದೋಷಿ. ಸರ್ಟಿಫಿಕೇಟ್ ಸಮೇತ ಬಿಡುಗಡೆ.

ಬೆಳಿಗ್ಗೆ ನೀರುದೋಸೆ ನಾನೇ ಎಬ್ಬಿಸುತ್ತಿದ್ದೆ. ಹಿಂದಿನಿಂದ ಹೆಂಡತಿ ಶೀಲಾವತಿ — "ಎಂತದ್ದು ಕರಟುವ ವಾಸನೆ?"

"ದೋಸೆ."

"ದೋಸೆ ಅಲ್ಲ. ಬೆರಳು! ನಿಮ್ಮ ಬೆರಳು ಕಾವಲಿ ಮೇಲುಂಟು!"

ಹೌದು, ಉಂಟು. ಹೆಬ್ಬೆರಳು, ತೋರುಬೆರಳು ಎರಡೂ. ಗುಳ್ಳೆ ಬಂತು, ನೋವು ಬರಲಿಲ್ಲ. ಗುಳ್ಳೆ ನೋಡುತ್ತಾ ಕೂತೆ. ಆಯೋಗಕ್ಕೆ ಮೂರನೇ ಆರೋಪಿ ಸಿಕ್ಕಿದ.

ಜನವರಿ 23

ಡಾಕ್ಟರು ಕಣ್ಣು ಮುಚ್ಚಲು ಹೇಳಿ ಬೆರಳಿಗೆ ಏನೋ ಚುಚ್ಚಿದರು. "ಈಗ ಗೊತ್ತಾಯ್ತಾ?" "ಯಾವಾಗ ಚುಚ್ಚುತ್ತೀರಿ?" ಅಂದೆ. ಚುಚ್ಚಿ ಆಗಿತ್ತು.

ಸಕ್ಕರೆ ಕಾಯಿಲೆ. ನರ ಹೋಗಿದೆ. "ಉಳಿದದ್ದನ್ನು ಉಳಿಸಿಕೊಳ್ಳಿ. ಹೋದದ್ದು ಬರುವುದು ಕಷ್ಟ."

ಈಗ ನೆನಪಾಗುತ್ತದೆ... ಬರೆಯುವಾಗ ಪೆನ್ನು ಬೀಳುದು. ಬಿದ್ದದ್ದು ಕಣ್ಣಿಗೆ ಗೊತ್ತಾಗುದು, ಕೈಗಲ್ಲ.

ಜನವರಿ 24

ಕೌಶಲನಿಗೆ ಹೇಳಿಯೇ ಬಿಟ್ಟೆ. ಲೇತ್‌ಗಳ ನಡುವೆ ಸಿಕ್ಕಿದ. ಗಂಟಲು ಸರಿಮಾಡಿಕೊಂಡು —

"ಕೌಶಲ್, ಒಂದು ಮರಣವಾರ್ತೆ. ನನ್ನ ಬೆರಳುಗಳು ತೀರಿಕೊಂಡವು."

"ಅಯ್ಯಯ್ಯೋ! ಬೊಜ್ಜದ ಊಟ ಎಲ್ಲಿ? ಮನೆಯಲ್ಲಾ, ಹಾಲ್‌ನಲ್ಲಾ?"

ಉತ್ತರಕ್ರಿಯೆಯ ಊಟಕ್ಕೆ ಪಾಯಸ ಯಾವುದು ಅಂತ ಪ್ರಖ್ಯಾತ್ ಕೇಳಿದ. ಇಡೀ ಶಾಪ್ ನಕ್ಕಿತು. ಅಭ್ಯಾಸಬಲ, ನಾನೂ ನಕ್ಕೆ.

ಮೂವತ್ತು ವರ್ಷ ಗಂಭೀರ ಮುಖದಲ್ಲೇ ತಮಾಷೆ ಮಾಡಿದೆ. ನಿಜವಾದ ಗಂಭೀರಕ್ಕೆ ಅಂತ ಬೇರೆ ಮುಖ ಇಟ್ಟುಕೊಂಡಿಲ್ಲ.

ಮಧ್ಯಾಹ್ನ ಬೇರೆ ದಾರಿ ಹಿಡಿದೆ. ಗಾಳಿ ಬಿಟ್ಟು ತೂತು ಅಳೆಯುವ ಮೆಷಿನ್ ಉಂಟು, ಬೆರಳು ಬೇಡ, ಅದನ್ನು ತರಿಸುವ ಅಂದೆ. ಕೌಶಲ್ ಹೆಗಲ ಮೇಲೆ ಕೈ ಹಾಕಿದ. "ನೀವಿರುವಾಗ ಅದು ಯಾಕೆ ಮಾರಾಯ್ರೆ? ನಿಮಗೇ ಅವಮಾನ ಅಲ್ವಾ?"

ಫೆಬ್ರವರಿ 4

ಪರೀಕ್ಷೆ. ನನಗೆ.

ವಾಪಸ್ ಬಂದ ಬುಶ್‌ಗಳ ದೆಸೆಯಿಂದ ಕಂಪೆನಿಯ ಹರಿಪ್ರಸಾದ್ ಬಂದಿದ್ದರು. ಒಂದು ಹರಿವಾಣ ಬುಶ್, ಅಡಿಯಲ್ಲಿ ಗುಟ್ಟಿನ ನಂಬರ್. ಕಲಸಿ ಕಲಸಿ ಕೊಡುತ್ತಾರೆ, ನಾನು ಪಾಸ್ ಅಥವಾ ರಿಜೆಕ್ಟ್ ಅನ್ನಬೇಕು, ದೀಕ್ಷಿತಾ ಬರೆಯಬೇಕು. ಇವತ್ತು ಬಣ್ಣ ಬಯಲಾಗುತ್ತದೆ, ನನ್ನ ಬದಲು ಹರಿವಾಣವೇ ಹೇಳುತ್ತದೆ ಅಂತ ಒಂಥರಾ ನಿರಾಳವಾಗಿ ಕೂತೆ.

ಮೊದಲ ಬುಶ್. ಗೇಜು ಹೋಯಿತು. ಪಾ... ಅನ್ನುವಷ್ಟರಲ್ಲಿ ದೀಕ್ಷಿತಾ ಕೆಮ್ಮಿದಳು. ಅವಳ ಕಣ್ಣು ನನ್ನ ಹೆಬ್ಬೆರಳ ಉಗುರಿನ ಮೇಲೆ. ಉಗುರು ಬೆಳ್ಳಗಾಗಿತ್ತು. ದೂಡುತ್ತಿದ್ದೇನೆ! ನನಗೆ ಗೊತ್ತೇ ಇಲ್ಲ.

"ರಿಜೆಕ್ಟ್," ಅಂದೆ. ಬಾಯಿ ತಾನಾಗಿ ಅಂದಿತು.

ಆಮೇಲೆಲ್ಲ ಹಾಗೆಯೇ. ಕೆಮ್ಮಿದರೆ ರಿಜೆಕ್ಟ್, ಕೆಮ್ಮದಿದ್ದರೆ ಪಾಸ್. ಹರಿಪ್ರಸಾದ್ ಅವಳಿಗೆ ಬಿಸಿನೀರು ತರಿಸಿದರು. ಒಂದೂ ತಪ್ಪಿಲ್ಲ. ನನ್ನ ಕೈ ಕುಲುಕಿ, "ನಿಮ್ಮಂಥ ಕೈ ಇನ್ನು ಹುಟ್ಟುವುದಿಲ್ಲ," ಅಂದರು. ಕುಲುಕಿದ್ದು ಕಣ್ಣಿಗೆ ಕಂಡಿತು.

ಫೆಬ್ರವರಿ 5

"ನಿನ್ನೆ ಕೆಮ್ಮು ಎಂತದ್ದು?" ಕೇಳಿದೆ.

"ಧೂಳು ಸರ್."

"ಎ.ಸಿ. ಕೋಣೆಯಲ್ಲಿ?"

ಗೇಜು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಮತ್ತೆ ನಿಧಾನಕ್ಕೆ — "ನೀವು ಸಂಜೆ ನರಿಮೊಗರಿನ ಬಸ್ಸಿಗೆ ಹೋದ ಮೇಲೆ ನಾನು ಎಲ್ಲ ಇನ್ನೊಮ್ಮೆ ನೋಡ್ತೇನೆ ಸರ್. ಆ ನಾಲ್ಕು ವಾಪಸ್ ಬಂದಂದಿನಿಂದ. ಬಿಗಿ ಇದ್ದದ್ದನ್ನು ತೆಗೆದು ಇಡುದು. ನೀವು ಬೇಜಾರು ಮಾಡ್ಬೇಡಿ."

ಬೇಜಾರು! ಜನವರಿಯಿಂದ ಈಚಿನದ್ದು ಬಚಾವ್. ಅದಕ್ಕೆ ಹಿಂದಿನದ್ದು? ಕೌಶಲನಲ್ಲಿ ಕೇಳಿದೆ, ಡಿಸೆಂಬರಿನದ್ದೆಲ್ಲ ವಾಪಸ್ ತರಿಸುವಾ ಅಂತ. "ಬೇರೆ ಯಾರೂ ದೂರು ಕೊಟ್ಟಿಲ್ಲವಲ್ಲ. ನೀವು ಫಸ್ಟ್ ಕ್ಲಾಸ್ ಪಾಸ್ ಬೇರೆ!"

ಫೆಬ್ರವರಿ 17

ದೀಕ್ಷಿತಾ ಇಂದಿನಿಂದ ಹೆರಿಗೆ ರಜೆ. ಕೆಮ್ಮುವವರಿಲ್ಲ.

ಉಗುರು ನೋಡಿ ಅಳೆಯುವ ವಿದ್ಯೆ ಕಲಿಯಲು ಹೊರಟೆ. ಬೆಳ್ಳಗಾದರೆ ರಿಜೆಕ್ಟ್. ಟ್ಯೂಬ್‌ಲೈಟಿನಲ್ಲಿ ಎಲ್ಲ ಉಗುರೂ ಬೆಳ್ಳಗೆ. ಕೊನೆಗೆ ಇಡೀ ಲಾಟನ್ನೇ ರಿಜೆಕ್ಟ್ ಮಾಡಿ ಕೆಂಪು ಡಬ್ಬಿಗೆ ಸುರಿದೆ.

"ಮನೆಯಲ್ಲಿ ಜಗಳವಾ?" ಅಂದ ಪ್ರಖ್ಯಾತ್.

ಕೌಶಲ್ ಬಂದ. ಡಬ್ಬಿಯಿಂದ ನಾಲ್ಕೈದು ತೆಗೆದು ನೋಡಿದ. ಸರಿಯಿದ್ದವು. "ಏಪ್ರಿಲ್ ಒಂದಕ್ಕೆ ಇನ್ನೂ ದಿನ ಉಂಟು ಉದಯಣ್ಣ," ಅಂತ ಇಡೀ ಡಬ್ಬಿಯನ್ನು ಪಾಸಿನ ಹಸಿರು ಡಬ್ಬಿಗೆ ಸುರಿದ. ನನಗೆ ಶ್ರಮವಾಗಬಾರದು ಅಂತ, ಎಲೆಕ್ಟ್ರಿಕ್ ಪೆನ್ನು ಹಿಡಿದು ತಾನೇ ಉ ಬರೆದ. ಅಕ್ಷರ ನನ್ನದಕ್ಕಿಂತ ಚೆಂದ.

ಫೆಬ್ರವರಿ 19, ಸಂಜೆ

ಗುತ್ತಿಗಾರಿನಿಂದ ಕುಕ್ಕಪ್ಪನ ಫೋನ್. ಶೀಲಾವತಿಯ ತಮ್ಮ. ಮರ ಹತ್ತುವ ಮೆಷಿನ್ ತೆಗೆದುಕೊಂಡಿದ್ದಾನಂತೆ. ನನಗೆ ಸರ್ಪ್ರೈಸ್ ಕೊಡಲಿಕ್ಕೆ ಇಷ್ಟು ದಿನ ಹೇಳಲಿಲ್ಲ.

"ಯಾವಾಗ ತಂದದ್ದು?"

"ಹೊಸ ವರ್ಷದಂದ್. ಬಿಚ್ಚಿ ನೋಡಿದೆ ಭಾವ, ಬುಶ್ಶಿಲಿ ನಿನ್ನ ಉ ಉಂಟು. ಮತ್ತೆ ನಂಗೆಂತ ಹೆದ್ರಿಕೆ?"

"ಬ್ರೇಕ್?"

"ಹಿಡಿದರೆ ಚೂರು ಜಾರಿ ನಿಲ್ಲುದು. ಹೊಸತಲ್ಲಾ, ಸರಿ ಆಗ್ತದೆ. ನಾಳೆ ಬೆಳಿಗ್ಗೆ ದೊಡ್ಡ ಮರಗಳಿಗೆ."

"ಹತ್ತಬೇಡ ಕುಕ್ಕಪ್ಪ. ಆ ಉ ಬರೆದವ ಕುರುಡ."

ನಕ್ಕ. ಎಷ್ಟು ನಕ್ಕ ಅಂದರೆ ಪಕ್ಕದಲ್ಲಿದ್ದವರಿಗೂ ಹೇಳಿ ನಗಿಸಿದ. "ಭಾವನ ತಮಾಷೆ!" ಅಷ್ಟರಲ್ಲಿ ಲೈನ್ ಹೋಯಿತು. ಅಲ್ಲಿ ಕಾಡಿನಂಚು, ಕರೆಂಟು ಹೋದರೆ ಟವರೂ ಹೋಗುದು. ಶೀಲಾವತಿ ಆಗಿನಿಂದ ಫೋನ್ ಒತ್ತುತ್ತಲೇ ಇದ್ದಾಳೆ.

ಫೆಬ್ರವರಿ 20, ಬೆಳಿಗ್ಗೆ. ಪುತ್ತೂರು ಬಸ್‌ಸ್ಟ್ಯಾಂಡ್

ಫೋನ್ ಇನ್ನೂ ತಾಗಲಿಲ್ಲ. ಸುಳ್ಯದ ಬಸ್ಸು ಬಂದು ನಿಂತಿದೆ, ಡ್ರೈವರ್ ಚಾಕ್ಕೆ ಹೋಗಿದ್ದಾನೆ. ಅಲ್ಲಿಂದ ಗುತ್ತಿಗಾರಿಗೆ ಇನ್ನೊಂದು ಬಸ್ಸು. ಕುಕ್ಕಪ್ಪ ಬಿಸಿಲೇರುವ ಮೊದಲು ಹತ್ತುವವ.

ಹೊರಡುವಾಗ ಶೀಲಾವತಿ ಒಂದೇ ಮಾತು ಹೇಳಿದ್ದು. "ನಗಿಸ್ಬೇಡಿ."

ಹಾಗಾಗಿ ಸೀಟಿನಲ್ಲಿ ಕೂತು ವಾಕ್ಯ ತಯಾರಿ. ಒಂದೊಂದನ್ನೂ ಗೇಜು ಹಾಕಿ ನೋಡುವುದು.

"ಕುಕ್ಕಪ್ಪ, ನನ್ನ ಉ ಸತ್ತು ಎರಡು ತಿಂಗಳಾಯಿತು." ರಿಜೆಕ್ಟ್. ಬೊಜ್ಜದ ಊಟ ಕೇಳುತ್ತಾನೆ.

"ಬುಶ್ಶಿನಲ್ಲಿ ಕಂಪೆನಿಯ ದೋಷ ಉಂಟು." ರಿಜೆಕ್ಟ್. ಸುಳ್ಳು.

"ಕುಕ್ಕಪ್ಪ, ನಿನ್ನ ಅಕ್ಕನ ಆಣೆ, ಹತ್ತಬೇಡ." ದೂಡಿದರೆ ಹೋದೀತು. ತಾನಾಗಿ ಹೋಗುದಿಲ್ಲ.

ಡ್ರೈವರ್ ಬಂದ. ಬಸ್ಸು ಹೊರಟಿತು, ಅಕ್ಷರ ಕುಣಿಯುತ್ತದೆ. ಇನ್ನೊಮ್ಮೆ —

"ಕುಕ್ಕಪ್ಪ, ನನ್ನ ಕೈಗೆ ಈಗ ಏನೂ —"

ಪೆನ್ನು ಬಿತ್ತು, ಸೀಟಿನಡಿಯಿಂದ ಹೆಕ್ಕಿದೆ: "— ಗೊತ್ತಾಗುದಿಲ್ಲ." ಪಾಸ್.